ಕಾರಿನ 'ಸೆಲ್ಫ್' ಏನು ಹೇಳುತ್ತಿದೆ?

(ಪರೇಲ್‌ನಲ್ಲಿ ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಈಗ ನಮ್ಮಲ್ಲಿ ಅನೇಕರು ಕಾರು ಓಡಿಸುತ್ತೇವೆ. ಕೆ.ಇ.ಎಂ., ಟಾಟಾ, ವಾಡಿಯಾ ಆಸ್ಪತ್ರೆಗಳಿಗೆ ಮನೆಯವರನ್ನು ಕರೆತರುವವರೂ ನಾವೇ. ರಾತ್ರಿ ಹೊತ್ತು ಕಾರು ಸ್ಟಾರ್ಟ್ ಆಗದಿದ್ದರೆ ಸುತ್ತ ನೆರೆದವರೆಲ್ಲ ಹೇಳುವುದು ಒಂದೇ ಮಾತು: "ಬ್ಯಾಟರಿ ಹೋಗಿದೆ." ಹಾಗೆಂದು ಹೊಸ ಬ್ಯಾಟರಿ ಕೊಳ್ಳುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿ.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅದಕ್ಕೆ ಮೊದಲು ಕಾರಿನ ಮುಂದೆ ನಿಂತು ಕಬ್ಬಿಣದ ಹಿಡಿಕೆ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಹೆಣ್ಣುಮಕ್ಕಳು ಯಾರ ಹಂಗಿಲ್ಲದೆ ಕಾರು ಹೊರಡಿಸಲು ಈ ಸಣ್ಣ ಮೋಟಾರು ದೊಡ್ಡ ನೆರವಾಯಿತು.

ಅದರ ಕೆಲಸ ಸರಳ. ಕೀ ತಿರುಗಿಸಿದೊಡನೆ ಸೊಲೆನಾಯ್ಡ್ ಎಂಬ ಭಾಗ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ಮುಂದೆ ತಳ್ಳುತ್ತದೆ, ಮೋಟಾರಿಗೆ ಕರೆಂಟನ್ನೂ ಕೊಡುತ್ತದೆ. ಪಿನಿಯನ್ ಇಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡು ಅದನ್ನು ತಿರುಗಿಸುತ್ತದೆ. ಇಂಜಿನ್ ಹೊತ್ತಿಕೊಂಡ ಮೇಲೆ ಹಿಂದೆ ಸರಿಯುತ್ತದೆ.

ಈಗ ಸದ್ದುಗಳಿಗೆ ಬರೋಣ. ಹೆಡ್‌ಲೈಟ್ ಹಾಕಿಕೊಂಡೇ ಕೀ ತಿರುಗಿಸಿ.

'ಟಕ್ ಟಕ್ ಟಕ್' ಎಂದು ಬೇಗ ಬೇಗ ಬಡಿದು ಲೈಟು ಮಂಕಾದರೆ, ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ, ಪುಡಿಗಟ್ಟಿದೆ.

ಒಂದೇ 'ಟಕ್', ಮತ್ತೆ ಮೌನ, ಲೈಟು ಮಾತ್ರ ಪ್ರಕಾಶಮಾನ. ಆಗ ಸಂಶಯ ಸೊಲೆನಾಯ್ಡ್ ಅಥವಾ ಮೋಟಾರಿನ ಮೇಲೆ.

'ಗುಂಯ್' ಎಂದು ಮೋಟಾರು ತಿರುಗುತ್ತದೆ, ಇಂಜಿನ್ ಅಲುಗುವುದಿಲ್ಲ. ಮಿಕ್ಸಿಯ ಕಪ್ಲರ್ ಸವೆದಾಗ ಮೋಟಾರು ಗರಗರ ತಿರುಗಿದರೂ ಬ್ಲೇಡ್ ತಿರುಗುವುದಿಲ್ಲವಲ್ಲ, ಹಾಗೆ! ಪಿನಿಯನ್ ಹಲ್ಲಿಗೆ ಕಚ್ಚುತ್ತಿಲ್ಲ, ಅಥವಾ ಅದರ ಕ್ಲಚ್ ಜಾರುತ್ತಿದೆ. ಇದಕ್ಕೆ ಹೊಸ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ.

'ಕರಕರ' ಎಂದರೆ ಹಲ್ಲಿಗೆ ಹಲ್ಲು ಉಜ್ಜುತ್ತಿದೆ. ಕೂಡಲೇ ನಿಲ್ಲಿಸಿ. ಹಟ ಹಿಡಿದು ಮತ್ತೆ ಮತ್ತೆ ತಿರುಗಿಸಿದರೆ ಫ್ಲೈವೀಲಿನ ಹಲ್ಲು ಹಾಳಾಗುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು, ಖರ್ಚು ಎಷ್ಟೋ ಪಟ್ಟು ಹೆಚ್ಚು.

ಸದ್ದೇ ಇಲ್ಲವೇ? ಆಟೊಮ್ಯಾಟಿಕ್ ಕಾರಾದರೆ ಗೇರು 'ಪಿ' ಅಥವಾ 'ಎನ್' ನಲ್ಲಿದೆಯೇ, ಬ್ರೇಕ್ ಒತ್ತಿದ್ದೀರಾ ನೋಡಿ. ಮ್ಯಾನುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ. ಯಾವ ಕಾರಾದರೂ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಮಳೆಗಾಲದ ಒಂದು ಮಾತು. ಇಲ್ಲೇ ಹಿಂದ್‌ಮಾತಾ ಬಳಿ ನೀರು ನಿಲ್ಲುವುದು ನಮಗೆಲ್ಲ ಗೊತ್ತು. ಎಷ್ಟೋ ಕಾರುಗಳಲ್ಲಿ ಸ್ಟಾರ್ಟರ್ ಕೆಳಭಾಗದಲ್ಲಿರುತ್ತದೆ. ಕೆಸರುನೀರು ಹೊಕ್ಕರೆ ತುಕ್ಕು ಹಿಡಿದು, ಮುಂದೊಂದು ದಿನ ಪಿನಿಯನ್ ಸಿಕ್ಕಿಕೊಳ್ಳಬಹುದು. ನೀರಿನ ನಡುವೆ ಇಂಜಿನ್ ನಿಂತುಹೋದರಂತೂ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ನೇ ಹಾಳಾಗುತ್ತದೆ. ಇಳಿದು ಸುರಕ್ಷಿತ ಜಾಗಕ್ಕೆ ಹೋಗಿ, ಕಾರನ್ನು ಎಳೆಸಿಕೊಳ್ಳಿ.

ನಮ್ಮ ಮುಂಬಯಿಯ ಮೆಕ್ಯಾನಿಕ್‌ಗಳು ಸ್ಟಾರ್ಟರನ್ನು 'ಸೆಲ್ಫ್' ಎನ್ನುತ್ತಾರೆ. ಫೋನಿನಲ್ಲಿ "ಗಾಡಿ ಬಂದ್ ಹೈ" ಎನ್ನುವ ಬದಲು "ಸೆಲ್ಫ್ ಘೂಮ್ ರಹಾ ಹೈ, ಇಂಜಿನ್ ನಹೀಂ ಘೂಮ್ ರಹಾ" ಎಂದು ಹೇಳಿ ನೋಡಿ. ಆತ ಸರಿಯಾದ ಸಾಮಾನು ಹಿಡಿದು ಬರುತ್ತಾನೆ, ಬೇಡದ ಖರ್ಚನ್ನು ನಿಮ್ಮ ತಲೆಗೆ ಕಟ್ಟುವುದೂ ಸುಲಭವಾಗುವುದಿಲ್ಲ.

ರಿಪೇರಿ ನಾವೇ ಮಾಡಬೇಕಾಗಿಲ್ಲ. ಆದರೆ ರೋಗದ ಲಕ್ಷಣ ಹೇಳಲು ಬಂದರೆ ಅರ್ಧ ಕೆಲಸ ಆದಂತೆ.