ಮೀನಿನ ಮೈಬೆಳವಣಿಗೆ: ನೀರಿನ ಶಾಖವೂ ವಯಸ್ಸೂ



ಮನುಷ್ಯನ ತೋಳಿನಲ್ಲಿರುವ ಸ್ನಾಯುತಂತುಗಳ ಸಂಖ್ಯೆ ಆತನು ಹುಟ್ಟುವ ವೇಳೆಗೆ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಗರಡಿಯ ಸಾಮು ಇದ್ದ ತಂತುಗಳನ್ನು ದಪ್ಪ ಮಾಡುವುದೇ ಹೊರತು ಹೊಸವನ್ನು ಹುಟ್ಟಿಸುವುದು ಅಪರೂಪ. ಮೀನಿನ ರೀತಿಯೇ ಬೇರೆ. ದೊಡ್ಡದಾಗಿ ಬೆಳೆಯುವ ಜಾತಿಯ ಮೀನುಗಳು ಮೊಟ್ಟೆಯಿಂದ ಹೊರಬಿದ್ದ ಮೇಲೆಯೂ ಬಹುಕಾಲ ಹೊಸ ತಂತುಗಳನ್ನು ಕೂಡಿಸಿಕೊಳ್ಳುತ್ತವೆ. ಎಷ್ಟೋ ಜಾತಿಗಳಲ್ಲಿ, ಪೂರ್ಣ ನೀಳದ ಸುಮಾರು ಅರ್ಧದಷ್ಟು ಬೆಳೆಯುವ ಹೊತ್ತಿಗೆ ಈ ಕೂಡಿಕೆ ನಿಲ್ಲುವುದು. ಆಮೇಲೆ ಇದ್ದ ತಂತುಗಳು ದಪ್ಪವಾಗುವುದಷ್ಟೆ. ಅದಕ್ಕೂ ಮಿತಿಯುಂಟು, ತಂತುವಿನ ನಡುವಿನವರೆಗೆ ಪ್ರಾಣವಾಯು ಇಳಿಯಬೇಕಲ್ಲವೆ? ಆದುದರಿಂದ ಎಳವೆಯಲ್ಲಿ ಗಳಿಸಿದ ತಂತುಗಳೇ ಮೀನಿನ ಬಂಡವಾಳ.

ಇನ್ನು ಶಾಖದ ಮಾತು. ಟ್ಯೂನದಂತಹ ಕೆಲವನ್ನು ಬಿಟ್ಟರೆ, ಮೀನಿನ ಮೈ ಸುತ್ತಲಿನ ನೀರಿನಷ್ಟೇ ಬಿಸಿ. ನೀರು ಬೆಚ್ಚಗಾದಂತೆ ಹಸಿವೂ ಜೀರ್ಣವೂ ಚುರುಕಾಗುತ್ತವೆ. ಮೇರೆ ಮೀರಿದರೆ ತಿಂದದ್ದೆಲ್ಲ ಜೀವ ಹಿಡಿದಿರುವುದಕ್ಕೇ ವೆಚ್ಚ. ನಮ್ಮ ಕೆರೆಯ ಕಾಟ್ಲಾ ಮೀನಿಗೆ ಹಿತವಾದ 28 ಡಿಗ್ರಿ ಟ್ರೌಟ್ ಮೀನಿಗೆ ಮೃತ್ಯುಸಮಾನ.

ಆದರೆ ಸೋಜಿಗದ ಸಂಗತಿ ಮೊಟ್ಟೆಯೊಳಗಿನದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಟ್ಲಾಂಟಿಕ್ ಸಾಲ್ಮನ್ ಮೀನಿನ ಮೊಟ್ಟೆಗಳನ್ನು 2, 5, 8, 10 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಬೇರೆ ಬೇರೆಯಾಗಿ ಇರಿಸಿದರು. ಅದೂ ಭ್ರೂಣದ ಕಣ್ಣಿಗೆ ಬಣ್ಣ ಬರುವವರೆಗೆ ಮಾತ್ರ. ಅನಂತರ ಎಲ್ಲಕ್ಕೂ ಒಂದೇ ತೆರದ ಸಾಕಣೆ. ಮೀನುಗಳು ಪ್ರಾಯಕ್ಕೆ ಬಂದ ಮೇಲೆ ಎಣಿಸಿ ನೋಡಿದರೆ, 5 ಡಿಗ್ರಿಯಲ್ಲಿದ್ದವಕ್ಕೇ ತಂತುಗಳು ಹೆಚ್ಚು! ಮೊಟ್ಟೆಯೊಳಗಿನ ಆ ಅಲ್ಪಕಾಲವನ್ನು ಮೈ ಮರೆತಿರಲಿಲ್ಲ.

ಮೀನು ಸಾಕುವವನಿಗಾದರೋ ಆತುರ. 5 ಡಿಗ್ರಿಯಲ್ಲಿ ಸುಮಾರು 100 ದಿನ ಹಿಡಿಯುವ ಮೊಟ್ಟೆ 10 ಡಿಗ್ರಿಯಲ್ಲಿ ಸುಮಾರು 50 ದಿನಕ್ಕೇ ಒಡೆಯುತ್ತದೆ. ಉಳಿದ ದಿನಗಳು ಲೆಕ್ಕದ ಪುಸ್ತಕದಲ್ಲಿ ಕಾಣುವುವು. ಬೆನ್ನೆಲುಬು ಸೊಟ್ಟಗಾಗುವ ಅಪಾಯ ಆಗ ಕಾಣುವುದಿಲ್ಲ. ಸಣ್ಣ ತಂತುಗಳು ದಟ್ಟವಾಗಿರುವ ಮಾಂಸವೇ ಗಟ್ಟಿಯೆಂಬುದನ್ನೂ ಅವನು ನೆನೆಯಬೇಕು.

ಸಾಕಣೆಯವನು ತೊಟ್ಟಿಯ ನೀರನ್ನು ತಣಿಸಬಲ್ಲನು. ನದಿಯ ಮೀನಿಗೆ ಆ ಅನುಕೂಲವೆಲ್ಲಿ? ತಾಯಿ ಶರತ್ಕಾಲದ ಕೊನೆಗೆ ಜಲ್ಲಿಯಲ್ಲಿ ಹೂತಿಟ್ಟ ಮೊಟ್ಟೆ ಚಳಿಗಾಲವಿಡೀ ಅಲ್ಲಿಯೇ ಇರಬೇಕು. ಆ ಚಳಿಗಾಲಗಳೋ ಈಗ ಬೆಚ್ಚಗಾಗುತ್ತಿವೆ. ಸ್ಕಾಟ್ಲೆಂಡಿನ ಡೀ ನದಿಯ ದಂಡೆಗಳಲ್ಲಿ ನೆರಳಿಗಾಗಿ ಮರಗಳನ್ನು ನೆಡುತ್ತಿದ್ದಾರೆ. ಬೇಸಗೆಯಲ್ಲಿ ಮರಿಗಳಿಗೆ ಅದರಿಂದ ತಂಪು. ಮೊಟ್ಟೆಗಳು ಜಲ್ಲಿಯಲ್ಲಿರುವ ಕಾಲಕ್ಕೆ ಮಾತ್ರ ಆ ಮರಗಳ ಎಲೆ ಉದುರಿರುತ್ತದೆ.