ಸಂಜೆಯ ನೀರು



ನನ್ನ ಅಣ್ಣನ ಮಗ ಊರಲ್ಲಿ ಸಿಮೆಂಟ್ ಬ್ಲಾಕ್ ಮಾಡುವ ಸಣ್ಣ ಘಟಕ ಹಾಕಿದ. ತಿಂಗಳೊಳಗೇ ಒಬ್ಬ ಗುತ್ತಿಗೆದಾರರ ಕಡೆ ಆರು ತಿಂಗಳ ಮಟ್ಟಿಗೆ ಸೈಟ್ ಸೂಪರ್‌ವೈಸರ್ ಕೆಲಸಕ್ಕೂ ಸೇರಿದ. "ಮಾಲಕ ಆದಾಂವ ಮತ್ತೊಬ್ಬರ ಕೈಕೆಳಗ ದುಡಿಯೂದೇನು?" ಎಂದು ರೇಗಿದೆ. 33 ವರ್ಷ ಸರಕಾರಿ ಸಂಬಳ ಎಣಿಸಿದವನ ಮಾತದು.

"ಕಾಕಾ, ಬ್ಲಾಕ್ ಗಟ್ಟಿ ಆಗೂತನಕ ಮನಿಗೆ ಜ್ವಾಳಾ ಯಾರು ತರ್ತಾರ?" ಎಂದ.

ಕಾಂಕ್ರೀಟಿನ ಬಲವನ್ನು 28ನೇ ದಿನ ಪರೀಕ್ಷಿಸಿ ನೋಡುತ್ತೇವೆ. ಅಂಥ ವರದಿಗಳಿಗೆ ಎಷ್ಟೋ ಸಲ ಸಹಿ ಹಾಕಿದವನು ನಾನು. ಮಾಲು ಹೋದ ಮೇಲೂ ಬಿಲ್ಲು ಕೈಸೇರಲು ತಿಂಗಳುಗಟ್ಟಲೆ ಬೇಕು. ಹಾಗೆ ತಡವಾದ ಫೈಲುಗಳು ನನ್ನ ಮೇಜಿನ ಮೇಲೂ ಇದ್ದವು, ಸುಳ್ಳು ಹೇಳುವುದಿಲ್ಲ.

ಹುಡುಗ ಸಂಬಳದಲ್ಲಿ ಮನೆ ನಡೆಸುತ್ತಾನೆ, ಘಟಕದ ಹಣ ಮುಟ್ಟುವುದಿಲ್ಲ. ಎರಡಕ್ಕೂ ಬೇರೆ ಖಾತೆ. ಸೇರುವ ಮೊದಲೇ ಗುತ್ತಿಗೆದಾರರಿಗೆ ತನ್ನ ಘಟಕದ ವಿಷಯ ತಿಳಿಸಿದ್ದ. ಅವರ ಸೈಟಿಗೆ ತನ್ನ ಬ್ಲಾಕ್ ಮಾರುವುದಿಲ್ಲ.

ಕಾಯಕದ ಬಗ್ಗೆ ಇಂಥ ವೇದಿಕೆಗಳಲ್ಲಿ ಮಾತಾಡಿದ ನಾನು, ಬೀಗರ ಮುಂದೆ ಅವನ ಕೆಲಸ ಹೇಳಲು ನಾಚಿದ್ದೆ.

ಈಗ ನಸುಕಿನಲ್ಲೇ ಬ್ಲಾಕಿಗೆ ನೀರುಣಿಸಿ ಅವನು ಸೈಟಿಗೆ ಹೋಗುತ್ತಾನೆ. ಸಂಜೆ ಪೈಪು ಹಿಡಿಯುವ ಪಾಳಿ ನನ್ನದು.