ಆಚಂದ್ರಾರ್ಕವಲ್ಲದ ಮುದ್ರೆ

2018ರ ಆಗಸ್ಟ್ ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಬೆಂಗಳೂರಿನಲ್ಲಿ ಕೂತು ಹೊರದೇಶದ ಸಂಸ್ಥೆಗಳ ಸರ್ವರ್‌ಗಳನ್ನು ರಾತ್ರಿಯಿಡೀ ಕಾಯುವ ಕೆಲಸ ನಮ್ಮದು. ಆ ರಾತ್ರಿ ಪಾಳಿಯಲ್ಲಿದ್ದ ಹುಡುಗಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. "ಸರ್, ಅಪ್‌ಡೇಟ್ ಹಾಕಿದೆ. ಆಮೇಲಿಂದ ಸಿಎ ಸ್ಟಾರ್ಟೇ ಆಗ್ತಿಲ್ಲ. ನಾನೇ ಏನೋ ಕೆಡಿಸಿಬಿಟ್ಟೆ ಅನ್ಸುತ್ತೆ" ಎಂದಳು. ದನಿ ನಡುಗುತ್ತಿತ್ತು.

ಅವಳು ಏನನ್ನೂ ಕೆಡಿಸಿರಲಿಲ್ಲ. ಆ ಸಿಎ, ಅಂದರೆ ಸರ್ಟಿಫಿಕೇಟ್ ಅಥಾರಿಟಿ, ಕೆಟ್ಟು ಆಗಲೇ ಮೂರು ತಿಂಗಳು ಕಳೆದಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ. ಕೆಟ್ಟದ್ದು ಕೆಟ್ಟಂತೆ ಕಾಣದೆ ಮೂರು ತಿಂಗಳು ಹೇಗೆ ಉಳಿಯುತ್ತದೆ? ಇದನ್ನು ಹೇಳಬೇಕಾದರೆ ಅಲ್ಲಿಂದ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬಿಬ್ಬರು ಗೂಢಲಿಪಿಯ ಲೋಕಕ್ಕೆ ಹೊಸದೊಂದು ದಾರಿ ತೋರಿಸಿದರು. ಬೀಗ ಹಾಕುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ. ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು. ತೆಗೆಯುವ ಕೀಲಿಯನ್ನು ಒಡೆಯ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್ಮನ್ ಇದನ್ನು ನಿಜವಾಗಿ ಮಾಡಬಲ್ಲ ಗಣಿತವನ್ನು ಕಂಡುಕೊಂಡರು. ಆದರೆ ಊರಿಗೆ ಹಂಚಿದ ಕೀಲಿ ನಿಜಕ್ಕೂ ಆ ಒಡೆಯನದೇ ಎಂದು ನಂಬುವುದು ಹೇಗೆ? ಎಲ್ಲರ ಕೀಲಿಗಳನ್ನೂ ಬರೆದಿಟ್ಟ ಒಂದು ಸಾರ್ವಜನಿಕ ಕಡತ ಇರಲಿ, ಟೆಲಿಫೋನ್ ಡೈರೆಕ್ಟರಿಯ ಹಾಗೆ, ಎನ್ನುವುದು ಮೊದಲ ಯೋಚನೆ. ಪ್ರತಿ ಸಲವೂ ಆ ಕಡತವನ್ನೇ ಕೇಳಬೇಕಾದರೆ ಅದರ ಬಾಗಿಲಲ್ಲಿ ಸಾಲು ಬೆಳೆಯುತ್ತದೆ.

ಈ ಗಂಟನ್ನು ಬಿಚ್ಚಿದ್ದು ಒಬ್ಬ ಪದವಿ ವಿದ್ಯಾರ್ಥಿ. ಎಂಐಟಿಯ ಲೋರೆನ್ ಕೋನ್‌ಫೆಲ್ಡರ್ 1978ರಲ್ಲಿ ತನ್ನ ಪದವಿಗಾಗಿ ಬರೆದ ಪ್ರಬಂಧದಲ್ಲಿ ಸೂಚಿಸಿದ ಉಪಾಯ ಇದು: ಕಡತದ ಒಡೆಯನೇ ಹೆಸರನ್ನೂ ಕೀಲಿಯನ್ನೂ ಒಂದೇ ಚೀಟಿಯಲ್ಲಿ ಬರೆದು, ತನ್ನ ಸಹಿ ಹಾಕಿ ಕೊಟ್ಟುಬಿಡಲಿ. ಆ ಚೀಟಿ ಯಾರ ಕೈಯಲ್ಲಿದ್ದರೇನು, ಸಹಿ ನೋಡಿ ನಂಬಬಹುದು. ಅದಕ್ಕೆ ಆತ ಇಟ್ಟ ಹೆಸರು ಸರ್ಟಿಫಿಕೇಟ್. ಅದನ್ನು ಕೊಡುವ ಒಡೆಯನೇ ಇಂದಿನ ಸಿಎ. ಇಂದು ನಮ್ಮ ಬ್ಯಾಂಕು, ಟಿಕೆಟ್ಟು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಕಾಯುತ್ತಿರುವ ಒಂದು ವ್ಯವಸ್ಥೆಯ ಬೀಜ ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಇತ್ತು ಎಂದು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ.

ಕೊಟ್ಟ ಚೀಟಿಯನ್ನು ಹಿಂದಕ್ಕೆ ಪಡೆಯುವುದು ಮಾತ್ರ ಕಷ್ಟ. ಕೀಲಿ ಕಳುವಾಗಬಹುದು, ಕೆಲಸ ಬಿಟ್ಟು ಹೋದವನ ಹೆಸರಲ್ಲಿ ಚೀಟಿ ಉಳಿದಿರಬಹುದು. 1988ರಲ್ಲಿ ಎಕ್ಸ್.509 ಎಂಬ ಮಾನದಂಡ ಬಂದಾಗ ಪ್ರತಿ ಸರ್ಟಿಫಿಕೇಟಿಗೂ ಎರಡು ದಿನಾಂಕಗಳನ್ನು ಬರೆದರು: ಇಂಥ ದಿನಕ್ಕಿಂತ ಮೊದಲು ಸಲ್ಲದು, ಇಂಥ ದಿನದ ನಂತರ ಸಲ್ಲದು. ಜೊತೆಗೆ ರದ್ದಾದವುಗಳ ಪಟ್ಟಿಯೂ ಬಂತು. ಆ ಪಟ್ಟಿ ಎಲ್ಲರಿಗೂ ಮುಟ್ಟದಿದ್ದರೂ, ಕೆಟ್ಟ ಚೀಟಿ ಒಂದಲ್ಲ ಒಂದು ದಿನ ತಾನಾಗಿ ಸಾಯಬೇಕು ಎಂಬುದು ಕೊನೆಯ ದಿನಾಂಕದ ಉದ್ದೇಶ.

ಇಲ್ಲಿ ನನಗೆ ನಮ್ಮ ತಾಮ್ರಪಟಗಳು ನೆನಪಾಗುತ್ತವೆ. ಹಲಗೆಗಳನ್ನು ಪೋಣಿಸಿದ ಬಳೆಗೆ ಬಾದಾಮಿ ಚಾಲುಕ್ಯರು ವರಾಹದ ಮುದ್ರೆ ಒತ್ತಿಸುತ್ತಿದ್ದರು. ಮುದ್ರೆ ಕಂಡವರು ದಾನವನ್ನು ನಂಬಬೇಕು. ಕೂಟಶಾಸನಗಳು, ಅಂದರೆ ಸುಳ್ಳು ಶಾಸನಗಳು, ಆಗಲೂ ಹುಟ್ಟಿದವು. ಇಷ್ಟರ ಮಟ್ಟಿಗೆ ಎರಡೂ ಒಂದೇ. ಆದರೆ ಶಾಸನದ ದಾನ ಆಚಂದ್ರಾರ್ಕ, ಸೂರ್ಯಚಂದ್ರರು ಇರುವ ತನಕ. ಎಕ್ಸ್.509ರ ಮುದ್ರೆ ಹುಟ್ಟುವಾಗಲೇ ತನ್ನ ಸಾವಿನ ದಿನವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ನಮ್ಮ ಕಷ್ಟಗಳೆಲ್ಲ ಶುರುವಾಗುವುದು ಆ ದಿನಾಂಕದಿಂದ.

ಅತ್ತ ಇನ್ನೊಂದು ಕಥೆ ನಡೆಯುತ್ತಿತ್ತು. 1983ರಲ್ಲಿ ಎಂಐಟಿಯಲ್ಲಿ ಅಥೀನಾ ಎಂಬ ಯೋಜನೆ ಆರಂಭವಾಯಿತು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದೇ ಹೆಸರು, ಅದೇ ಪಾಸ್‌ವರ್ಡ್, ಅದೇ ಕಡತಗಳು ಸಿಗಬೇಕು. ಅದರಿಂದ ಹುಟ್ಟಿದ್ದು ಕರ್ಬರೋಸ್. ಪಾಸ್‌ವರ್ಡನ್ನು ತಂತಿಯ ಮೇಲೆ ಕಳಿಸದೆ, ಬಸ್ಸಿನ ದಿನದ ಪಾಸಿನಂತೆ ಒಂದು ಟಿಕೆಟ್ ಕೊಡುತ್ತದೆ. ಅದನ್ನು ತೋರಿಸಿ ಎಲ್ಲಿ ಬೇಕಾದರೂ ಹತ್ತಬಹುದು. ಜನರ ಹೆಸರು, ಗುಂಪು, ಅಧಿಕಾರಗಳನ್ನು ಬರೆದಿಡಲು ಒಂದು ವಹಿಯೂ ಬೇಕಿತ್ತು. ದೊಡ್ಡ ದೊಡ್ಡ ಟೆಲಿಕಾಂ ಸಂಸ್ಥೆಗಳು ಕೂಡಿ ಕಟ್ಟಿದ ಎಕ್ಸ್.500 ಡೈರೆಕ್ಟರಿ ಸಣ್ಣ ಯಂತ್ರಗಳಿಗೆ ಹೊರಲಾರದ ಭಾರವಾಯಿತು. ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದನ್ನು ಹಗುರ ಮಾಡಿ 1993ರಲ್ಲಿ ಎಲ್‌ಡ್ಯಾಪ್ ಎಂಬ ರೂಪ ಕೊಟ್ಟರು.

ಎಲ್‌ಡ್ಯಾಪ್ ಡೈರೆಕ್ಟರಿ, ಸರ್ಟಿಫಿಕೇಟ್ ಕೊಡುವ ಸರ್ವರ್ ಎರಡನ್ನೂ ನೆಟ್‌ಸ್ಕೇಪ್ ಕಂಪನಿ ಮಾರಾಟದ ಸರಕು ಮಾಡಿತು. ನೆಟ್‌ಸ್ಕೇಪ್ ಎಒಎಲ್ ಪಾಲಾಯಿತು. 2004ರಲ್ಲಿ ಈ ಎರಡು ತಂತ್ರಾಂಶಗಳನ್ನು ರೆಡ್ ಹ್ಯಾಟ್ ಕೊಂಡುಕೊಂಡಿತು. ಡೈರೆಕ್ಟರಿಯನ್ನು 2005ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ಸರ್ಟಿಫಿಕೇಟಿನ ಭಾಗ 2008ರಲ್ಲಿ ಡಾಗ್‌ಟ್ಯಾಗ್ ಎಂಬ ಹೆಸರಿನಲ್ಲಿ ಹೊರಬಂತು. ಡಾಗ್‌ಟ್ಯಾಗ್ ಅಂದರೆ ಸೈನಿಕರು ಕೊರಳಿಗೆ ಹಾಕಿಕೊಳ್ಳುವ ಗುರುತಿನ ಬಿಲ್ಲೆ. ಅದೇ ವರ್ಷ ಫ್ರೀಐಪಿಎ ಎಂಬ ಯೋಜನೆಯ ಮೊದಲ ಆವೃತ್ತಿ ಬಂತು. ಅದರಲ್ಲಿ ಡೈರೆಕ್ಟರಿ ಮತ್ತು ಕರ್ಬರೋಸ್ ಒಂದೇ ಸೂರಿನಡಿ ಸೇರಿದ್ದವು. 2011ರ ಎರಡನೆಯ ಆವೃತ್ತಿಯಲ್ಲಿ ಡಾಗ್‌ಟ್ಯಾಗ್ ಕೂಡ ಮನೆಯೊಳಕ್ಕೆ ಬಂತು. ಅಲ್ಲಿಂದ ಮುಂದೆ ಜನರಿಗೆ ಗುರುತು ಕೊಡುವ ಕಚೇರಿಗೂ ಮುದ್ರೆ ಒತ್ತುವ ಕಚೇರಿಗೂ ಒಂದೇ ಚಾವಡಿ.

ಈಗ ನಮ್ಮ ಆಗಸ್ಟ್ ರಾತ್ರಿಗೆ ಬರೋಣ. ಕೇಳುಗರು ಸ್ವಲ್ಪ ಗಮನವಿಟ್ಟು ಕೇಳಬೇಕು, ಇಲ್ಲಿ ಒಂದು ಸುಳಿ ಇದೆ.

ಆ ಹುಡುಗಿ ಕಾಯುತ್ತಿದ್ದದ್ದು ಫ್ರೀಐಪಿಎ ವ್ಯವಸ್ಥೆಯನ್ನೇ. ಅದರ ಸಿಎಗೆ ತನ್ನದೇ ನೆನಪಿಲ್ಲ. ತಾನು ಯಾರಿಗೆ ಏನು ಕೊಟ್ಟೆ ಎಂಬ ಲೆಕ್ಕವನ್ನೆಲ್ಲ ಡೈರೆಕ್ಟರಿಯಲ್ಲಿ ಬರೆದಿಡುತ್ತದೆ. ಡೈರೆಕ್ಟರಿಯ ಬಾಗಿಲು ತಟ್ಟುವಾಗ ಅದೂ ಒಂದು ಸರ್ಟಿಫಿಕೇಟ್ ತೋರಿಸಬೇಕು, ತಾನೇ ತನಗೆ ಕೊಟ್ಟುಕೊಂಡದ್ದು. ಇಡೀ ವ್ಯವಸ್ಥೆಯಲ್ಲಿ ಸಿಎ ಕೊಟ್ಟ ಅಂಥವು ಎಂಟೊಂಬತ್ತು ಇರುತ್ತವೆ. ಸಿಎಯ ಮೂಲ ಸರ್ಟಿಫಿಕೇಟಿಗೆ 20 ವರ್ಷ ಆಯಸ್ಸಾದರೆ, ಇವುಗಳಲ್ಲಿ ಹೆಚ್ಚಿನವಕ್ಕೆ ಸುಮಾರು ಎರಡೇ ವರ್ಷ. ಅವಧಿ ಮುಗಿಯುವ 28 ದಿನ ಮೊದಲೇ ಸರ್ಟ್‌ಮಾಂಗರ್ ಎಂಬ ಕಾವಲುಗಾರ ಎಚ್ಚೆತ್ತು ಸಿಎಯಿಂದ ಹೊಸದನ್ನು ಕೇಳಿ ತರುತ್ತಾನೆ. ತರದೆ ಅವಧಿ ಮುಗಿದರೆ? ಡೈರೆಕ್ಟರಿ ಸಿಎಯನ್ನು ಒಳಗೆ ಬಿಡುವುದಿಲ್ಲ. ಡೈರೆಕ್ಟರಿ ಸಿಗದೆ ಸಿಎ ಮೇಲೇಳುವುದಿಲ್ಲ. ಸಿಎ ಏಳದೆ ಹೊಸ ಸರ್ಟಿಫಿಕೇಟ್ ಹುಟ್ಟುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅದೇ ಸುಳಿ.

ಈ ಹೊತ್ತಿನಲ್ಲೂ ಜನ ಲಾಗಿನ್ ಆಗುತ್ತಲೇ ಇರುತ್ತಾರೆ. ಲಾಗಿನ್ ನೋಡಿಕೊಳ್ಳುವುದು ಕರ್ಬರೋಸ್, ಅದಕ್ಕೆ ಸಿಎಯ ಹಂಗಿಲ್ಲ. ಆಗಲೇ ಓಡುತ್ತಿರುವ ಸಿಎ ಕೂಡ ಹಿಂದೆ ತೆರೆದ ಸಂಪರ್ಕವನ್ನು ಹಿಡಿದುಕೊಂಡು ನಿಂತಿರಬಹುದು. ಯಾರಾದರೂ ಅಪ್‌ಡೇಟ್ ಹಾಕಿ ಸರ್ವರನ್ನು ಮರಳಿ ಆರಂಭಿಸಿದ ದಿನ ರೋಗ ಹೊರಬೀಳುತ್ತದೆ. ನಮ್ಮ ಹುಡುಗಿಯ ಪಾಲಿಗೆ ಬಂದದ್ದು ಆ ದಿನ. ತೆರೆಯ ಮೇಲೆ ಕಾಣುವ ಸೂಚನೆಯೋ, "ಸಿಎ ಕೈಗೆ ಸಿಗುತ್ತಿಲ್ಲ" ಎನ್ನುವ ಒಂದೇ ಮಾತು. ನೆಟ್‌ವರ್ಕ್ ಕೆಟ್ಟಿದೆಯೇನೋ ಎಂದುಕೊಂಡು ಕೇಬಲ್ಲು, ಫೈರ್‌ವಾಲ್ ಹುಡುಕುತ್ತ ಎಷ್ಟೋ ಜನ ಬೆಳಗು ಮಾಡಿದ್ದಾರೆ. ಮೊದಲು ನೋಡಬೇಕಾದದ್ದು ದಿನಾಂಕ. ಎಲ್ಲ ಸರ್ಟಿಫಿಕೇಟುಗಳ ಪಟ್ಟಿ ತೆಗೆದು, ಯಾವುದು ಎಂದಿನಿಂದ ಸಲ್ಲುವುದು, ಎಂದಿಗೆ ಮುಗಿಯುವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಫೋನಿನಲ್ಲಿ ಅವಳಿಂದ ಅದನ್ನೇ ಬರೆಸಿದೆ. "ಸರ್, ಐದು ಸರ್ಟಿಫಿಕೇಟು ಮೇ 1ಕ್ಕೇ ಮುಗಿದುಹೋಗಿವೆ" ಎಂದಳು. ದನಿಯ ನಡುಕ ನಿಂತಿತ್ತು.

ಕಾವಲುಗಾರ ಯಾಕೆ ಎಚ್ಚೆತ್ತಿರಲಿಲ್ಲ? ಅಲ್ಲಿ ಮೂರು ಸರ್ವರ್‌ಗಳಿದ್ದವು, 2014ರಲ್ಲಿ ಸ್ಥಾಪಿಸಿದ್ದು. ಎಷ್ಟೇ ಸರ್ವರ್ ಇದ್ದರೂ ಸಿಎಯ ಸ್ವಂತ ಸರ್ಟಿಫಿಕೇಟುಗಳನ್ನು ನವೀಕರಿಸುವ ಹೊಣೆ ಒಂದಕ್ಕೇ. ಉಳಿದವು ಅದರಿಂದ ಪ್ರತಿ ಪಡೆಯುತ್ತವೆ. ಮನೆಯ ದೇವರ ದೀಪ ಹಚ್ಚುವ ಕೆಲಸ ಒಬ್ಬರಿಗೇ ವಹಿಸಿದ ಹಾಗೆ. 2017ರಲ್ಲಿ ಹಳೆಯದಾಯಿತೆಂದು ಒಂದು ಯಂತ್ರವನ್ನು ತೆಗೆದುಹಾಕಿದ್ದರು. ಹೊಣೆ ಹೊತ್ತಿದ್ದದ್ದು ಆ ಯಂತ್ರವೇ. ಅದರ ಜಾಗಕ್ಕೆ ಇನ್ನೊಂದನ್ನು ಹೆಸರಿಸಿರಲಿಲ್ಲ. ಉಳಿದ ಎರಡೂ ಸರ್ವರ್‌ಗಳು ಇಲ್ಲದ ಅಣ್ಣನಿಗಾಗಿ ಕಾಯುತ್ತ ಕೂತವು.

ಆ ಕಾಲಕ್ಕೆ ನಮ್ಮ ಬಳಿ ಇದ್ದದ್ದು ಒಂದೇ ಮದ್ದು: ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು. ಸಮಯ ಸರಿಪಡಿಸುವ ಸೇವೆಯನ್ನು ನಿಲ್ಲಿಸಿ, ಸರ್ಟಿಫಿಕೇಟುಗಳೆಲ್ಲ ಜೀವಂತವಾಗಿದ್ದ ಒಂದು ದಿನಕ್ಕೆ ಸರ್ವರನ್ನು ಕರೆದುಕೊಂಡು ಹೋಗಿ, ಸಿಎಯನ್ನು ಎಬ್ಬಿಸಿ, ನವೀಕರಣ ಮುಗಿಸಿ, ಮತ್ತೆ ಇಂದಿಗೆ ಮರಳುವುದು. ಕೇಳಲು ಸುಲಭ. ಆದರೆ ಎಲ್ಲವೂ ಒಟ್ಟಿಗೆ ಸಲ್ಲುತ್ತಿದ್ದ ದಿನವೊಂದು ಇರಬೇಕಲ್ಲ? ಹಳೆಯದು ಮುಗಿಯುವ ಮೊದಲೇ ಹೊಸದು ಹುಟ್ಟಿರಬೇಕು. ಹುಟ್ಟಿರದಿದ್ದರೆ ಪಂಚಾಂಗದಲ್ಲಿ ಅಂಥ ಮುಹೂರ್ತವೇ ಇರುವುದಿಲ್ಲ. ನಮ್ಮ ವೆಬ್ ಸರ್ವರಿನ ಸರ್ಟಿಫಿಕೇಟ್ ಏಪ್ರಿಲ್ 20ರಂದು ಹೊಸದಾಗಿ ಬಂದಿತ್ತು. ಆ ಐದು ಮೇ 1ಕ್ಕೆ ಮುಗಿದಿದ್ದವು. ಸಿಕ್ಕ ಕಿಂಡಿ ಹನ್ನೊಂದು ದಿನದ್ದು. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಸಾಮಾನ್ಯವಾಗಿ ಕರ್ಬರೋಸ್ ಟಿಕೆಟನ್ನು ಒಪ್ಪುವುದಿಲ್ಲ. ಹಾಗಾಗಿ ಲಾಗಿನ್ ಕೆಲಸವನ್ನು ಎರಡನೆಯ ಸರ್ವರಿಗೆ ಒಪ್ಪಿಸಿ, ಮೊದಲನೆಯದನ್ನು ಜನರಿಂದ ಬೇರ್ಪಡಿಸಿ, ಅದರ ಗಡಿಯಾರವನ್ನು ಏಪ್ರಿಲ್ 25ಕ್ಕೆ ಇಟ್ಟೆವು. ಸಿಎ ಎದ್ದಿತು.

ಎದ್ದರೂ ಹೊಸ ಬೇಡಿಕೆಗಳಿಗೆ ಓಗೊಡಲಿಲ್ಲ. ಫ್ರೀಐಪಿಎ ಪರವಾಗಿ ಸಿಎ ಜೊತೆ ಮಾತಾಡುವ ಒಬ್ಬ ಮಧ್ಯವರ್ತಿ ಇದ್ದಾನೆ. ಅವನಿಗೊಂದು ಸರ್ಟಿಫಿಕೇಟ್, ಡೈರೆಕ್ಟರಿಯಲ್ಲಿ ಅದರ ಕ್ರಮಸಂಖ್ಯೆಯ ದಾಖಲೆ. ಕೈಯಲ್ಲಿದ್ದ ಸರ್ಟಿಫಿಕೇಟಿನ ಸಂಖ್ಯೆ ಹೊಸದು, ದಾಖಲೆಯ ಸಂಖ್ಯೆ ಹಳೆಯದು. ಒಂದಂಕಿಯ ವ್ಯತ್ಯಾಸಕ್ಕೆ ಸಿಎ ಅವನನ್ನು ಅಪರಿಚಿತ ಎಂದು ತಳ್ಳುತ್ತಿತ್ತು. ದಾಖಲೆಯನ್ನು ಕೈಯಾರೆ ತಿದ್ದಿದ ಮೇಲೆ ಪಟ್ಟಿಯಲ್ಲಿ ಒಂದೊಂದೇ ಸಾಲು ಸರಿಯಾಗುತ್ತ ಬಂತು. ಗಡಿಯಾರವನ್ನು ಇಂದಿಗೆ ತಂದಾಗ ಬೆಳಗಿನ ಏಳು ಗಂಟೆ. ಅವಳು ರಾತ್ರಿಯ ಊಟದ ಡಬ್ಬಿಯನ್ನು ತೆರೆದೇ ಇರಲಿಲ್ಲ.

ಅದೇ ವರ್ಷದ ಡಿಸೆಂಬರ್ 6ರಂದು ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಗ್ರಾಹಕರ ಕೋಟ್ಯಂತರ ಮೊಬೈಲುಗಳಿಗೆ ಸಂಪರ್ಕ ತಪ್ಪಿತು. ಎರಿಕ್ಸನ್ ಒದಗಿಸಿದ ತಂತ್ರಾಂಶದಲ್ಲಿ ಅವಧಿ ಮುಗಿದ ಒಂದು ಸರ್ಟಿಫಿಕೇಟ್ ಅದಕ್ಕೆ ಕಾರಣ. ಪತ್ರಿಕೆಯಲ್ಲಿ ಅದನ್ನು ಓದಿದಾಗ, ಅಲ್ಲೂ ಯಾರೋ ನಡುರಾತ್ರಿ ತನ್ನದಲ್ಲದ ತಪ್ಪಿಗೆ ನಡುಗಿರಬಹುದು ಎಂದೇ ನನಗೆ ಅನಿಸಿತು.

2019ರಲ್ಲಿ ಗಡಿಯಾರದ ಮದ್ದಿಗೆ ಬದಲಿ ಬಂತು. ಆ ವರ್ಷದ ಫ್ರೀಐಪಿಎಯಲ್ಲಿ ಸೇರಿದ ಹೊಸ ಉಪಕರಣ ಸುಳಿಯನ್ನು ಸರಿಯಾದ ಜಾಗದಲ್ಲೇ ಕಡಿಯುತ್ತದೆ. ಸಿಎ ಡೈರೆಕ್ಟರಿಯ ಬಾಗಿಲಲ್ಲಿ ಸರ್ಟಿಫಿಕೇಟ್ ಬದಲು ತಾತ್ಕಾಲಿಕವಾಗಿ ಪಾಸ್‌ವರ್ಡ್ ಹೇಳಿ ಒಳಹೋಗುತ್ತದೆ. ಏಳುವಾಗ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದನ್ನು ಅಷ್ಟು ಹೊತ್ತು ನಿಲ್ಲಿಸುತ್ತದೆ. ಹೊಸ ಸರ್ಟಿಫಿಕೇಟುಗಳು ಹುಟ್ಟಿದ ಮೇಲೆ ಎಲ್ಲ ಮೊದಲಿನಂತೆ. ಎಷ್ಟು ಜನರ ಎಷ್ಟು ರಾತ್ರಿಗಳನ್ನು ಅದು ಉಳಿಸಿದೆಯೋ. ಅದನ್ನು ಬರೆದವರಿಗೆ ನಾನು ಮನಸಾರೆ ಋಣಿ.

ಸರ್ಟಿಫಿಕೇಟುಗಳ ಆಯಸ್ಸು ಮಾತ್ರ ದಿನೇ ದಿನೇ ಕಿರಿದಾಗುತ್ತಿದೆ. ಸಾರ್ವಜನಿಕ ವೆಬ್‌ಸೈಟುಗಳಿಗೆ 2015ರಿಂದ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿರುವ ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದಲೇ ಅವಧಿಯನ್ನು 90 ದಿನಕ್ಕೆ ಇಟ್ಟಿತು. 2025ರಲ್ಲಿ ಬ್ರೌಸರ್ ಕಂಪನಿಗಳೂ ಸಿಎಗಳೂ ಕೂಡಿ ತೀರ್ಮಾನಿಸಿದಂತೆ 2029ರ ಮಾರ್ಚಿನಿಂದ ಅದು 47 ದಿನ ಮೀರುವಂತಿಲ್ಲ. ಸಂಸ್ಥೆಗಳ ಒಳಗಿನ ಸಿಎಗೆ ಈ ನಿಯಮ ತಗಲುವುದಿಲ್ಲ. ಅಲ್ಲಿ ಲೆಕ್ಕ ಇಡಬೇಕಾದವರು ಆ ಸಂಸ್ಥೆಯವರೇ.

ಆ ಸರ್ವರ್‌ಗಳ ಮೂಲ ಸರ್ಟಿಫಿಕೇಟ್ 2034ರ ಜುಲೈಯಲ್ಲಿ ಮುಗಿಯುತ್ತದೆ. ಯಾವ ಸಿಎಯೂ ತನ್ನ ಆಯಸ್ಸಿಗಿಂತ ಹೆಚ್ಚಿನ ಆಯಸ್ಸನ್ನು ಇನ್ನೊಂದಕ್ಕೆ ಕೊಡಬಾರದು. ಆದ್ದರಿಂದ 2032ರ ಮಧ್ಯದಿಂದಲೇ ಎರಡು ವರ್ಷದ ಸರ್ಟಿಫಿಕೇಟುಗಳು ಮೊಟಕಾಗತೊಡಗುತ್ತವೆ. ಅಷ್ಟರೊಳಗೆ ಮೂಲವನ್ನು ನವೀಕರಿಸಿ ಪ್ರತಿಯೊಂದು ಯಂತ್ರಕ್ಕೂ ಮುಟ್ಟಿಸಬೇಕು. ಪಾಳಿಯ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಈ ಎರಡು ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಆ ಹುಡುಗಿ ಈಗ ತಂಡವನ್ನು ನಡೆಸುತ್ತಾಳೆ. ಹೋದ ಸಲ ಆ ಹಾಳೆ ತೆರೆದಾಗ ನನ್ನ ಸಾಲುಗಳ ಕೆಳಗೆ ಅವಳ ಕೈಬರಹ ಕಂಡಿತು: ನವೀಕರಣದ ಹೊಣೆ ಹೊತ್ತ ಸರ್ವರಿನ ಹೆಸರು, ಅದನ್ನು ತೆಗೆಯುವ ಮೊದಲು ಹೊಣೆಯನ್ನು ಯಾವುದಕ್ಕೆ ವರ್ಗಾಯಿಸಬೇಕೋ ಆ ಸರ್ವರಿನ ಹೆಸರು.